ಐವತ್ತಾರು ತಾಸು

"ಮುಳ್ಳು ಎಂಟಕ್ಕ ಇಡಬ್ಯಾಡ್ರಿ."

ಹಾಗೆಂದವಳು ಗಡಿಯಾರ ರಿಪೇರಿಯ ಸಂಗುವಿನ ಮಣಿಕಟ್ಟು ಹಿಡಿದೇ ಬಿಟ್ಟಿದ್ದಳು. ಅವನ ಕೈಯಲ್ಲಿ ಚಿಮಟ, ಕಣ್ಣಿಗೆ ಸಿಕ್ಕಿಸಿದ ಮಸೂರ. ಮಸೂರದಲ್ಲಿ ಕಂಡದ್ದು ಅವಳ ಹೆಬ್ಬೆರಳೊಂದೇ. ಉಗುರಿನಂಚಿಗೆ ಅಯೋಡಿನ್ನಿನ ಹಳದಿ.

"ಈಗ ಎಂಟ ಆಗೇತಲ್ಲ ಅಂತ ಕೇಳಬ್ಯಾಡ್ರಿ ಅಣ್ಣಾರ. ಎಂಟು ನಿಮ್ಮ ಇಬ್ರಾಹಿಂಪುರದಾಗ. ಇದಕ್ಕ ಎರಡೂವರಿ. ಇದು ಲಂಡನ್ ಟೈಮಿನ್ಯಾಗ ನಡೀತೈತಿ."

"ನೀವು ಲಂಡನ್‌ದವರೇನ್ರಿ?"

"ಸಾರವಾಡದವರು," ಎಂದಳು ವಿಶಾಖಾ, ನಗದೆ. ಮುಳ್ಳು ಎರಡೂವರೆಗೆ ಬಂದ ಮೇಲೆಯೇ ಕೈ ಬಿಟ್ಟಳು.

ಕ್ರೋನೋಮೀಟರ್ ಎನ್ನುವ ಆ ಹಡಗಿನ ಗಡಿಯಾರ ಮರದ ಪೆಟ್ಟಿಗೆಯೊಳಗೆ, ಎರಡು ಹಿತ್ತಾಳೆ ಬಳೆಗಳ ನಡುವೆ ತೂಗುತ್ತಿತ್ತು. ಪೆಟ್ಟಿಗೆ ಹೇಗೆ ವಾಲಿಸಿದರೂ ಅದರ ಮುಖ ಆಕಾಶಕ್ಕೇ. ಅವಳ ಮುತ್ಯಾ, ಅಂದರೆ ಅಜ್ಜ, ರಾಯಪ್ಪ ಮುಂಬಯಿಯಲ್ಲಿ ಹಳೆಯ ಹಡಗು ಒಡೆಯುವ ಕೆಲಸದಲ್ಲಿದ್ದವನು. ಕೊನೆಯ ಹಡಗಿನಿಂದ ಊರಿಗೆ ತಂದದ್ದು ಇದೊಂದೇ. ಸಮುದ್ರ ಕಾಣದ ಸಾರವಾಡದಲ್ಲಿ ಮೂವತ್ತು ವರ್ಷ, ದಿನಾ ಮುಂಜಾನೆ ಎಂಟಕ್ಕೆ, ಅದಕ್ಕೆ ಚಾವಿ ಕೊಟ್ಟ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ ಮೂರನೆಯ ದಿನ ಅದೂ ನಿಂತಿತು.

ಚಾವಿ ಎಷ್ಟು ಉಳಿದಿದೆಯೆಂದು ಹೇಳುವ ಡಯಲ್ಲಿನ ಪುಟ್ಟ ಮುಳ್ಳನ್ನು ಸಂಗು ತೋರಿಸಿದ. "ಒಮ್ಮೆ ಚಾವಿ ಕೊಟ್ಟರ ಐವತ್ತಾರು ತಾಸು ನಡೀತೈತ್ರಿ ಇದು. ದಿನಾ ಯಾಕ ಕೊಡೂದು?"

"ಮುತ್ಯಾ ನಂಬತಿರಲಿಲ್ಲ. ಇದರ ಸಲುವಾಗಿ ಯಾರ ಮದುವಿಗೂ ವಸ್ತಿ ಹೋಗಲಿಲ್ಲ ಅಂವ. ನಮ್ಮ ಆಯಿ ಇದಕ್ಕ ಸವತಿ ಅಂತಿದ್ಲು."

ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಎಬ್ಬಿಸಿದ್ದಾಯಿತು. ಇನ್ನು ಅದರ ನಡೆ ನೋಡಬೇಕು. ಹಡಗಿನ ಗಡಿಯಾರದ ಮುಳ್ಳನ್ನು ದಿನಾ ತಿದ್ದುವಂತಿಲ್ಲ. ದಿನಕ್ಕೆ ಎಷ್ಟು ಸೆಕೆಂಡ್ ತಪ್ಪುತ್ತದೆಂದು ಬರೆದಿಡಬೇಕು. ದಿನಾ ಅಷ್ಟೇ ಸೆಕೆಂಡ್ ತಪ್ಪಿದರೆ ಅದನ್ನು ನಂಬಬಹುದು.

"ಅಲ್ಲೀತನಕ ನೀವ ಬಂದು ಚಾವಿ ಕೊಡಬೇಕ್ರಿ," ಎಂದ ಸಂಗು. ಹಾಗೇನೂ ನಿಯಮವಿರಲಿಲ್ಲ.

ಅವಳು ಸಾರವಾಡದ ಬಸ್ಸಿನಲ್ಲಿ ಬಂದು ಸ್ಟ್ಯಾಂಡಿನಲ್ಲಿ ಇಳಿದು, ಅಥಣಿ ರಸ್ತೆಯ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿಗೆ ಹಾಜರಾಗುವ ಮುಂಚೆ, ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ಅವನ ಅಂಗಡಿಗೆ ಬರತೊಡಗಿದಳು. ಗಡಿಯಾರವನ್ನು ಬೋರಲು ಮಾಡಿ ಏಳೂವರೆ ಸುತ್ತು ಚಾವಿ. ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ನಾಲ್ಕನೆಯ ಸುತ್ತಿಗೆ ಕಿವಿಯ ಹಿಂದಿನ ಕೂದಲು ಸಡಿಲಾಗಿ, ಏಳಕ್ಕೆ ಕೆನ್ನೆಗೆ ಬರುತ್ತಿತ್ತು. ಉಳಿದ ಅರ್ಧ ಸುತ್ತಿನಲ್ಲಿ ಅವಳು ಕಣ್ಣೆತ್ತುತ್ತಿದ್ದಳು. ಅಷ್ಟರಲ್ಲಿ ಸಂಗು ಮೊಬೈಲಿನ ಸೆಕೆಂಡುಗಳ ಮೇಲೆ ಬಗ್ಗಿರುತ್ತಿದ್ದ.

"ಇವತ್ತೆಷ್ಟು?"

"ಐದು ಸೆಕೆಂಡ್ ಮುಂದ."

"ನಿನ್ನೆ ಒಂದು ಅಂದ್ರಿ."

"ಇನ್ನೂ ಕುದುರಿಲ್ರಿ ಇದು."

ಅವಳು ಒಮ್ಮೆ ಗಡಿಯಾರ ನೋಡಿದಳು, ಒಮ್ಮೆ ಮೊಬೈಲ್ ನೋಡಿದಳು.

ಮೊದಲ ವಾರ "ಅಣ್ಣಾರ" ಎನ್ನುತ್ತಿದ್ದಳು. ಎರಡನೆಯ ವಾರದಿಂದ ಏನೂ ಕರೆಯಲಿಲ್ಲ. ಓಣಿಯವರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಎದುರಿನ ಚಹಾದಂಗಡಿಯ ಆಶಾಬಿ ಒಂದು ದಿನ, ಕಪ್ಪು ಕೊಡುತ್ತ, ಅವಳೆದುರೇ ಕೇಳಿದಳು. "ಏನೋ ಸಂಗು, ನೀ ಒಬ್ಬನ ಸಿಸ್ಟರ್ ಅನ್ನೂದಿಲ್ಲ?"

"ನನಗೇನ ಜ್ವರ ಬಂದಿಲ್ಲಲ್ಲ ಬೇ."

"ಬಂದೈತಿ ಬಿಡು," ಎಂದಳು ಆಶಾಬಿ. ವಿಶಾಖಾ ಕಪ್ಪಿನೊಳಗೇ ನಕ್ಕಳು. ಹಬೆ ಅವಳ ಮೂಗಿನ ತುದಿಗೆ ಹನಿಯಾಗಿ ನಿಂತಿತು. ಅದು ಬೀಳುವವರೆಗೂ ಸಂಗು ಅದನ್ನೇ ನೋಡುತ್ತಿದ್ದ.

ನಲವತ್ತನೆಯ ದಿನ ಚಾವಿ ಕೊಟ್ಟವಳು ಕೈಚೀಲದಿಂದ ಕಾಗದವೊಂದನ್ನು ತೆಗೆದಳು. "ಸರಕಾರಿ ಆಸ್ಪತ್ರಿ ಆರ್ಡರ್ ಬಂತು. ಕಾರವಾರ. ಸೋಮವಾರ ಹಾಜರಾಗಬೇಕು."

ಸಂಗು ಕಾಗದ ಮುಟ್ಟಲಿಲ್ಲ. "ಇಲ್ಲಿ ನೆತ್ತಿಗೆ ಬಂದ ಸೂರ್ಯ ಕಾರವಾರದ ನೆತ್ತಿಗೆ ಹೋಗಾಕ ಆರು ನಿಮಿಷ ಬೇಕ್ರಿ," ಎಂದ. ಹೇಳಬೇಕೆಂದದ್ದು ಬೇರೆಯೇ ಇತ್ತು. "ಹಡಗಿನವರು ದೂರ ಹಂಗ ಅಳೀತಾರಂತ."

"ಆರ ನಿಮಿಷ. ಅಷ್ಟೇನ ದೂರಲ್ಲ."

"ನನಗ ದೂರ್ರಿ."

ಹೊರಗೆ ಗೂಡ್ಸ್ ಗಾಡಿ ಹೊರಟಿತು. ಅಂಗಡಿಯ ಗಡಿಯಾರಗಳೆಲ್ಲ ನಡುಗಿದವು, ಪೆಟ್ಟಿಗೆಯದೊಂದನ್ನು ಬಿಟ್ಟು. ಗಾಡಿ ಪೂರ್ತಿ ದಾಟುವವರೆಗೆ ಅವನು ಕಾದ.

"ನಾ ಸುಳ್ಳ ಹೇಳೀನಿ. ಇದು ಹನ್ನೆರಡನೇ ದಿನಕ್ಕ ತಯಾರಿತ್ತು. ಅವತ್ತಿನಿಂದ ದಿನಾ ಎರಡ ಸೆಕೆಂಡ್, ಒಂದಿನಾನೂ ಬದಲಾಗಿಲ್ಲ. ನೀವು ಬರೂದು ನಿಲ್ಲತೈತಿ ಅಂತ ಐದು, ಒಂದು, ಬಾಯಿಗೆ ಬಂದಿದ್ದು ಹೇಳಿದ್ನಿ."

"ಗೊತ್ತು."

"ಹೆಂಗ?"

"ಮುತ್ಯಾಗ ಅಕ್ಷರ ಬರತಿರಲಿಲ್ಲ. ಅಂವ ರೇಡಿಯೋ ಕೇಳಿ ಸೆಕೆಂಡ್ ಹೇಳತಿದ್ದ, ನಾ ಬರೀತಿದ್ದೆ. ಹತ್ತು ವರ್ಷ. ಎರಡ ಸೆಕೆಂಡ್ ಎಷ್ಟಿರತಾವು ಅಂತ ನನಗ ತಿಳೀದೇನು?"

"ಗೊತ್ತಿದ್ದೂ ಬಂದ್ರಿ?"

"ದಾರಿ ಮ್ಯಾಲ ಇತ್ತು, ಬಂದೆ."

ಬಸ್ ಸ್ಟ್ಯಾಂಡಿನಿಂದ ಅಥಣಿ ರಸ್ತೆಗೆ ಹೋಗುವವರಿಗೆ ಇಬ್ರಾಹಿಂಪುರ ದಾರಿಯ ಮೇಲೆ ಸಿಗುವುದೇ ಇಲ್ಲ.

ಸಂಗು ಮುಚ್ಚಳ ಮುಚ್ಚಿದ. ಚಾವಿಯನ್ನು ಅದರ ಮೇಲಿಟ್ಟು, ಪೆಟ್ಟಿಗೆಯನ್ನು ಎರಡೂ ಕೈಯಿಂದ ಮುಂದೆ ಹಿಡಿದ. "ಒಯ್ರಿ. ಸಮುದ್ರದ ಊರಿಗೆ ಹೊಂಟೀರಿ. ಇದೂ ತನ್ನ ಮನಿ ಮುಟ್ಟಲಿ."

"ಒಮ್ಮೆ ಚಾವಿ ಕೊಟ್ಟರ ಎಷ್ಟು ತಾಸು ಅಂದಿದ್ರಿ?"

"ಐವತ್ತಾರು."

"ಕಾರವಾರಕ್ಕ ಬಸ್ಸು?"

"ಒಂಬತ್ತು. ಹತ್ತು ಹಿಡೀರಿ."

"ಇಲ್ಲಿ ಚಾವಿ ಕೊಟ್ಟು ನೀವು ಅಲ್ಲಿಗೆ ಬರಾಕ ಹತ್ತು, ತಿರುಗಿ ಹೋಗಾಕ ಹತ್ತು. ಉಳಿದಿದ್ದು?"

ಸಂಗು ಎಣಿಸಿದ. ಮೂವತ್ತಾರು. ಮತ್ತೊಮ್ಮೆ ಎಣಿಸಿದ. ಕಿವಿ ಕೆಂಪಾಯಿತು, ಆದರೆ ಚಾಚಿದ ಕೈ ಹಿಂದಕ್ಕೆ ಬರಲಿಲ್ಲ. "ಆದ್ರೂ ಮುತ್ಯಾನ ಗಡಿಯಾರ್ರಿ ಇದು. ನಿಮ್ಮ ಹತ್ರನ ಇರಬೇಕು. ತಗೋರಿ."

ವಿಶಾಖಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಲ್ಲೆ. ನಾ ಒಯ್ಯಂಗಿಲ್ಲ."