ಹಿಲ್ಡಾಳ ಪರ ಆಣೆ ಇಡುವವರು ಯಾರು?

ಬಹಳ ಬಹಳ ಹಿಂದೆ, ಮಂಜೂ ಮಾಯೆಯೂ ಮುಸುಕಿದ ಬಡಗಣ ನಾಡೊಂದರಲ್ಲಿ ಒಂದು ನದಿ ಹರಿಯುತ್ತಿತ್ತು. ಈ ದಡದಲ್ಲಿ ಸ್ಯಾಕ್ಸನ್ನರು. ಉಳುವವರು, ಕುರಿ ಸಾಕುವವರು. ಅವರಿಗೊಬ್ಬ ರಾಜ. ಮರದ ಅರಮನೆಯಲ್ಲಿ ಸಿರಿವಂತ ಹಿರಿಯರ ಸಭೆ ಸೇರಿಸಿ, ಅವರ ಮಾತು ಕೇಳಿ ತೀರ್ಪು ಕೊಡುತ್ತಿದ್ದ. ಆ ದಡದಲ್ಲಿ ವೈಕಿಂಗರು. ಹಡಗೇರಿ ಬಂದು ನೆಲೆಸಿದವರು. ಅವರ ಸಭೆ ನಡೆಯುತ್ತಿದ್ದುದು ಬಯಲಲ್ಲಿ. ಮುದುಕನೊಬ್ಬ ಬಂಡೆ ಹತ್ತಿ ಕಟ್ಟಳೆಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಒಪ್ಪಿಗೆಯಾದರೆ ಜನರೆಲ್ಲ ಗುರಾಣಿ ಬಡಿಯುತ್ತಿದ್ದರು. ಇವರ ರೀತಿ ಕಂಡರೆ ಅವರಿಗೆ ನಗು, ಅವರ ರೀತಿ ಕಂಡರೆ ಇವರಿಗೆ ನಗು.

ಹಿಲ್ಡಾಳ ಅಪ್ಪ ಸ್ಯಾಕ್ಸನ್, ಅವ್ವ ವೈಕಿಂಗ್. ಇಬ್ಬರೂ ತೀರಿಕೊಂಡಿದ್ದರು. ಎರಡೂ ದಡದವರು ಅವಳನ್ನು "ಆಚೆಯವಳು" ಅನ್ನುತ್ತಿದ್ದರು. ಪಾಪ, ಅವಳು ನದಿಯಂಚಿನ ಗುಡಿಸಲಲ್ಲಿ ಮೇಕೆಗಳ ಜೊತೆ ಮಾತಾಡಿಕೊಂಡಿದ್ದಳು. ಮಾಯೆಯ ನಾಡಾದರೂ ಮೇಕೆಗಳು ಮರುಮಾತಾಡುತ್ತಿರಲಿಲ್ಲ.

ಆ ವರ್ಷ ಬಿಳಿ ತೋಳವೊಂದು ಎರಡೂ ದಡದ ಕುರಿಗಳನ್ನು ತಿನ್ನತೊಡಗಿತು. ಹಿಲ್ಡಾಳ ಮೇಕೆಗಳನ್ನು ಮಾತ್ರ ಮುಟ್ಟಲಿಲ್ಲ. ಸಂಜೆ ಅವಳ ಗುಡಿಸಲ ಬಳಿ ಕೂತು, ಊರಿನ ಒಲೆಗಳ ಹೊಗೆಯನ್ನೇ ನೋಡುತ್ತಿತ್ತು. "ಅವಳೇ ಸಾಕಿರೋದು!" ಎಂದು ಜನ ಗುಲ್ಲೆಬ್ಬಿಸಿದರು.

ಆರೋಪ ಹೊತ್ತವರ ಪರವಾಗಿ ಬಂಧುಗಳೋ ನೆರೆಯವರೋ ತಪ್ಪಿಲ್ಲವೆಂದು ಆಣೆ ಇಡಬೇಕು, ಇಲ್ಲದಿದ್ದರೆ ಗಡಿಪಾರು. ಈ ಒಂದು ಕಟ್ಟಳೆ ಮಾತ್ರ ಎರಡೂ ದಡಕ್ಕೆ ಒಂದೇ. ಗಡಿಪಾರಾದವರನ್ನು ನಡುಗಡ್ಡೆಯ ಮಾಂತ್ರಿಕ ಗ್ರಿಮ್ ಹೊತ್ತೊಯ್ಯುತ್ತಿದ್ದ. ಆಮೇಲೆ ಅವರೇನಾದರೆಂದು ಯಾರೂ ಕೇಳುತ್ತಿರಲಿಲ್ಲ.

ಮೊದಲು ಅರಮನೆ. "ನಿನ್ನ ಪರ ಆಣೆ ಇಡೋರು ಯಾರಮ್ಮ?" ಎಂದ ರಾಜ. ಹಿರಿಯರು ತಮ್ಮ ತಮ್ಮ ಉಂಗುರ ನೋಡಿಕೊಂಡರು. "ನಿನ್ನೋರು ಆಚೆ ದಡದಲ್ಲಿದ್ದಾರೆ, ಅಲ್ಲಿ ಕೇಳು" ಎಂದು ಕಳಿಸಿದರು.

ಆಮೇಲೆ ಬಯಲು. "ಇಲ್ಲಿ ಯಾರು ಬೇಕಾದ್ರೂ ಮಾತಾಡಬಹುದು ತಾಯಿ. ನಿನ್ನ ಪರ ಯಾರು ಮಾತಾಡ್ತಾರೆ?" ಎಂದ ಬಂಡೆಯ ಮೇಲಿನ ಮುದುಕ. ಒಂದು ಗುರಾಣಿಯೂ ಸದ್ದು ಮಾಡಲಿಲ್ಲ. ಹಿಲ್ಡಾಗೆ ಅಳು ಉಕ್ಕಿ ಬಂತು. ಅರಮನೆಯ ನಾಲ್ಕು ಜನ ಸುಮ್ಮನಿದ್ದುದಕ್ಕಿಂತ ಊರಿಗೆ ಊರೇ ಸುಮ್ಮನಿದ್ದುದು ಅವಳನ್ನು ಹೆಚ್ಚು ನೋಯಿಸಿತು.

ಕೊನೆಗೆ ನಡುಗಡ್ಡೆ. ಗ್ರಿಮ್‌ನ ಕಾಲ ಬಳಿ ಆ ಬಿಳಿ ತೋಳ ಮುದುರಿ ಮಲಗಿತ್ತು.

"ನನ್ನದೂ ಅದೇ ಕಟ್ಟಳೆ ಕಣೇ. ನಿನ್ನ ಪರ ಇಲ್ಲಿ ಯಾರಾದ್ರೂ ಆಣೆ ಇಟ್ಟರೆ ಬಿಡ್ತೀನಿ. ಇಲ್ಲದಿದ್ರೆ ನೀನೂ ಇದರ ಹಾಗೇ ತೋಳ. ಇದೂ ನಿನ್ನ ಹಾಗೇ ಗಡಿಪಾರಾಗಿ ಬಂದ ಜೀವ" ಎಂದ ಗ್ರಿಮ್.

"ಇದರ ಪರ ಯಾರೂ ಇಡಲಿಲ್ವಾ?"

"ಯಾರು ಇಡ್ತಾರೆ, ಹುಚ್ಚಿ!"

ಹಿಲ್ಡಾ ತೋಳದ ತಲೆಯ ಮೇಲೆ ಕೈಯಿಟ್ಟಳು. "ನಾನು ಇಡ್ತೀನಿ. ಹಸಿದು ಕುರಿ ತಿಂದಿದೆ, ಸುಳ್ಳು ಹೇಳಲ್ಲ. ಆದ್ರೆ ಇದು ಮನುಷ್ಯ ಜೀವ. ಊರಿನ ಹೊಗೆ ನೋಡ್ತಾ ಒಂಟಿಯಾಗಿ ಕೂರೋ ಸಂಕಟ ನಂಗೆ ಗೊತ್ತು. ಆಣೆಗೂ ಇದು ಮನುಷ್ಯ ಜೀವ."

ತೋಳದ ಚರ್ಮ ಕಳಚಿ ಬಿತ್ತು. ತೋರಾ ಎಂಬ ಮುದುಕಿ ಎದ್ದು ನಿಂತಳು. "ಈ ಮಗಳು ತಪ್ಪು ಮಾಡಿಲ್ಲ, ನನ್ನಾಣೆ!" ಎಂದಳು. ಆಮೇಲೆ ಮಾಂತ್ರಿಕನತ್ತ ತಿರುಗಿದಳು. "ಮನುಷ್ಯರನ್ನ ತೋಳ ಮಾಡಿದ ಆರೋಪ ನಿನ್ನ ಮೇಲಿದೆ. ಈಗ ಹೇಳಪ್ಪ, ನಿನ್ನ ಪರ ಯಾರು?"

ಗ್ರಿಮ್ ಸುತ್ತ ನೋಡಿದ. ಯಾರೂ ಇರಲಿಲ್ಲ. ಅವನ ಕಟ್ಟಳೆ ಅವನನ್ನೇ ಹಿಡಿಯಿತು. ಉಪ್ಪಿನ ಹರಳಿನ ಹಾಗೆ ನದಿಯಲ್ಲಿ ಕರಗಿಹೋದ.

ಒಬ್ಬರ ಪರ ಒಬ್ಬರು ಆಣೆ ಇಟ್ಟದ್ದರಿಂದ ಗಡಿಪಾರು ಮುಗಿದು, ಇಬ್ಬರೂ ಊರಿಗೆ ಮರಳಿದರು. ಮುಂದಿನ ಸಲ ಬಯಲಿನ ಸಭೆಗೆ ಗುರುತು ಪರಿಚಯವಿಲ್ಲದ ಒಬ್ಬನನ್ನು ಎಳೆದು ತಂದರು. "ಇವನ ಪರ ಯಾರು?" ಎಂದು ಮುದುಕ ಕೇಳಿದ. ಹಿಲ್ಡಾ ಎದ್ದು ನಿಂತಳು. ಪಕ್ಕದಲ್ಲಿ ತೋರಾ ನಿಂತಳು. ಸ್ವಲ್ಪ ಹೊತ್ತಿಗೆ ನಾಚಿಕೆಪಡುತ್ತ ಬೆಸ್ತನೊಬ್ಬ ಎದ್ದ, ಅವನ ಹಿಂದೆ ಇನ್ನೊಬ್ಬ. ಸುದ್ದಿ ಅರಮನೆಗೂ ಮುಟ್ಟಿತು. ಯಾರೂ ಇಲ್ಲದವರ ಪರ ತಾನೇ ಏಳುತ್ತೇನೆಂದು ರಾಜ ಮಾತು ಕೊಟ್ಟ.

ಅಂದಿನಿಂದ ಆ ನಾಡಿನಲ್ಲಿ ಯಾರೂ ತೋಳವಾಗಲಿಲ್ಲ. ಎರಡೂ ದಡದವರು ಸುಖವಾಗಿದ್ದರು, ತಮ್ಮವರು ಅಂತ ಯಾರೂ ಇಲ್ಲದವರೂ ಸುಖವಾಗಿದ್ದರು.