ಬೈರಕೂರಿನ ಮಾವು ತಿನ್ನಬೇಡಿ

ಕದಿರೇಶನ ಮೊದಲ ಮೆಸೇಜ್ ಬಂದಾಗ ತ್ರಿವೇಣಿ ಒಲೆ ಮೇಲಿನ ಸಾರನ್ನೂ ಮರೆತು ಹಿತ್ತಲಿಗೆ ಓಡಿದಳು. ರೀಚಾರ್ಜ್ ನೆಪದಲ್ಲಿ ಆ ಬೇಸಿಗೆಯೆಲ್ಲಾ ಮುಳಬಾಗಿಲು ಬಸ್‌ಸ್ಟ್ಯಾಂಡಿನ ಅವನ ಮೊಬೈಲ್ ಅಂಗಡಿಗೆ ಅಲೆದಿದ್ದಳು. ಚಿಲ್ಲರೆ ಕೊಡುವಾಗ ಬೇಕಂತಲೇ ತಡಮಾಡುವ ಅವನ ಬೆರಳು, ಕಣ್ಣಿಗೆ ಕಣ್ಣು ಸಿಕ್ಕರೆ ಸುಮ್ಮನೆ ಕ್ಯಾಲ್ಕುಲೇಟರ್ ಒತ್ತುವ ಅವನ ನಾಚಿಕೆ, ಎಲ್ಲವೂ ಅವಳಿಗೆ ಬಾಯಿಪಾಠ. ನಗುತ್ತಲೇ ಮೆಸೇಜ್ ತೆರೆದಳು.

'ಬೈರಕೂರಿನ ಮಾವು ತಿನ್ನಬೇಡಿ. ವಿಷದ ಪುಡಿ ಹಾಕಿ ಹಣ್ಣು ಮಾಡ್ತಾರೆ. ತಿಂದು ಮಗು ಸತ್ತಿದೆ. ಹತ್ತು ಜನಕ್ಕೆ ಕಳಿಸಿ.'

ಗಡಿಯಂಚಿನ ಬೈರಕೂರು ಅವಳೂರು. ಹುಲ್ಲು ಹಾಸಿ ಹಣ್ಣು ಮಾಡಿದ ಮಾವನ್ನು ಅವಳಪ್ಪ ವೆಂಕಟರಮಣಪ್ಪ ಅಂದು ಬೆಳಿಗ್ಗೆಯೇ ಶ್ರೀನಿವಾಸಪುರದ ಮಂಡಿಗೆ ಒಯ್ದಿದ್ದರು. ಮಧ್ಯಾಹ್ನಕ್ಕೆ ಟೆಂಪೋ ತುಂಬಿದ್ದ ಹಾಗೇ ವಾಪಸ್ ಬಂತು. ಊರ ಹೆಸರು ಕೇಳಿದ್ದೇ ತಡ, ವ್ಯಾಪಾರಿಗಳು ಹಣ್ಣು ಮುಟ್ಟಿರಲಿಲ್ಲ. ಇನ್ನೆರಡು ದಿನ ಹೋದರೆ ಅಷ್ಟೂ ತಿಪ್ಪೆಗೆ.

ತ್ರಿವೇಣಿ ಸಿಕ್ಕ ಬಸ್ಸು ಹತ್ತಿ ಅಂಗಡಿಗೆ ಬಂದಳು. ಕದಿರೇಶನ ಮುಖ ಅರಳಿತು.

"ಬಂದ್ಯಾ? ಮೆಸೇಜ್ ನೋಡಿದ್ಯಾ?"

"ನೋಡ್ದೆ. ಸತ್ತ ಮಗು ಹೆಸರೇನು?"

"ಹೆಸರಾ? ಗೊತ್ತಿಲ್ಲ. ಟೇಕಲ್‌ನ ಸುರೇಶ ಕಳ್ಸಿದ್ದು."

"ಅವನ್ಗೆ ಫೋನ್ ಮಾಡು. ಸ್ಪೀಕರ್ ಹಾಕು."

ಸುರೇಶ ಆಕಳಿಸುತ್ತಾ ಮಾತಾಡಿದ. "ಮಗೂನಾ? ನಂಗೇನ್ ಗೊತ್ತೋ? ಯಾರೋ ಕಳ್ಸಿದ್ರು, ನಿಂಗೂ ತಳ್ಳಿದೆ. ಆದ್ರೆ ಅದ್ರಲ್ಲಿ ಬೈರಕೂರು ಎಲ್ಲಿತ್ತೋ? ಗಡಿ ಕಡೆ ಮಾವು ಅಂತಷ್ಟೇ ಇತ್ತು."

ಫೋನ್ ಇಟ್ಟ ಕದಿರೇಶ ತಲೆ ಎತ್ತಲಿಲ್ಲ.

"ನಮ್ಮೂರ್ ಹೆಸರು ಸೇರ್ಸಿದ್ದು ಯಾರು?"

"ನಾನೇ."

"ಯಾಕೆ?"

"ಗಡಿ ಕಡೆ ಅಂದ್ರೆ ಜನಕ್ಕೆ ತಿಳಿಯಲ್ಲ, ಒಂದೂರ್ ಹೆಸರು ಹಾಕೋಣ ಅನ್ಸ್ತು." ಅವನ ದನಿ ಇಳಿಯಿತು. "ಕೂತ್ರೂ ನಿಂತ್ರೂ ನನ್ ಬಾಯಿಗೆ ಬರೋದು ಅದೊಂದೇ ಊರು ಕಣೇ."

ಇಂಥ ಒಂದು ಮಾತಿಗಾಗಿಯೇ ಅವಳು ಬೇಸಿಗೆಯೆಲ್ಲಾ ಕಾದಿದ್ದಳು. ಈಗ ಕೇಳಿ ಮೈಯೆಲ್ಲಾ ಉರಿದುಹೋಯಿತು.

"ನಿನ್ ಪ್ರೀತಿಗಿಷ್ಟು ಬೆಂಕಿ ಹಾಕ. ನಮ್ಮಪ್ಪ ಹಣ್ಣಿನ ರಾಶಿ ಮುಂದೆ ಹೆಣ ಕಾಯೋ ಥರ ಕೂತವ್ರೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳೆದುರೇ ಕದಿರೇಶ 'ಅದು ಸುಳ್ಳು, ತಪ್ಪು ನನ್ನದು' ಎಂದು ಗಿರಾಕಿಗಳಿಗೆಲ್ಲಾ ಮೆಸೇಜ್ ಕಳಿಸಿದ. ಸುಳ್ಳನ್ನು ಊರೂರಿಗೆ ಹಂಚಿದ ಪುಣ್ಯಾತ್ಮರಲ್ಲಿ ಒಬ್ಬರೂ ಇದನ್ನು ಮುಂದಕ್ಕೆ ಕಳಿಸಲಿಲ್ಲ. 'ಬೈರಕೂರಿನವರು ಎಷ್ಟು ಕೊಟ್ರು?' ಎಂದು ಒಬ್ಬ ಉತ್ತರ ಬೇರೆ ಬರೆದ. ತ್ರಿವೇಣಿ ಅದನ್ನು ಓದಿ, ಫೋನನ್ನು ಅವನ ಕೈಗಿಟ್ಟು ಬಸ್ಸು ಹತ್ತಿದಳು.

ಮರುದಿನ ಅಪ್ಪನ ಜೊತೆ ಅವಳೂ ಮಂಡಿಗೆ ಹೋದಳು. ಕದಿರೇಶ ಅಲ್ಲಿ ಮೊದಲೇ ಬಂದು ನಿಂತಿದ್ದ. ಯಾರನ್ನೂ ಕೇಳದೆ ಅವರ ಟೆಂಪೋ ಹತ್ತಿದ.

"ಬೈರಕೂರು ಅಂತ ಬರ್ದವನು ನಾನೇ. ಅದ್ರಲ್ಲಿ ಒಂದಕ್ಷರ ನಿಜ ಇಲ್ಲ. ಬೈಯೋದಿದ್ರೆ ನನ್ನ ಬೈರಿ, ಹಣ್ಣು ತಗೊಳ್ಳಿ."

ಕೆಲವರು ಬೈದರು, ಕೆಲವರು ನಕ್ಕರು. ವಯಸ್ಸಾದ ವ್ಯಾಪಾರಿಯೊಬ್ಬರು ಕೇಳಿದರು, "ಆ ಊರ್ ಮೇಲೆ ನಿಂಗ್ಯಾಕಯ್ಯಾ ಅಷ್ಟು ಹಗೆ?"

ಕದಿರೇಶ ವೆಂಕಟರಮಣಪ್ಪನವರ ಮುಖ ನೋಡಿದ. "ಹಗೆ ಇಲ್ಲ ಸ್ವಾಮಿ. ಇವ್ರ ಮಗಳ ಮೇಲೆ ಆಸೆ."

ತ್ರಿವೇಣಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಕಣ್ಣೀರೂ ಬಂತು. ಆ ವ್ಯಾಪಾರಿ ಹಣ್ಣೊಂದನ್ನು ಮೂಸಿ ನೋಡಿ, ಅರ್ಧ ಬೆಲೆಗಾದರೆ ಅರ್ಧ ಲೋಡ್ ತೆಗೆದುಕೊಳ್ಳುತ್ತೇನೆ ಅಂದರು. ಉಳಿದದ್ದನ್ನು ಕೇಳುವವರಿಲ್ಲ.

ವೆಂಕಟರಮಣಪ್ಪ ಕದಿರೇಶನತ್ತ ತಿರುಗಿದರು. "ಲೇ, ನಿಂತ್ಕೊಂಡೇನ್ ನೋಡ್ತೀಯಾ? ಕ್ರೇಟ್ ಇಳ್ಸು," ಅಂದರು.

ಕದಿರೇಶ ಒಂದು ಕಡೆ ಹಿಡಿದ. ಇನ್ನೊಂದು ಕಡೆಗೆ ತ್ರಿವೇಣಿ ಕೈ ಹಾಕಿದಳು.

"ನನ್ ಸಿಟ್ಟು ಇಳ್ದಿಲ್ಲ, ಗೊತ್ತಿರ್ಲಿ."

"ಇಳಿಯೋವರ್ಗೂ ಇರ್ತೀನಿ."

"ವರ್ಷಗಟ್ಲೆ ಆಗ್ಬೋದು."

"ಆಗ್ಲಿ," ಅಂದ ಅವನು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಸರಿಯಾಗ್ ಹಿಡ್ಕೋ," ಎಂದು ಗದರಿ ಅವಳು ಕ್ರೇಟ್ ಎತ್ತಿದಳು.