ಹಸಿರು ಪಟ್ಟಿಯಲ್ಲಿ ಇಳಿದ ಗೆರೆ

ಮಗುವನ್ನು ತೂಕದ ಯಂತ್ರದಿಂದ ಎತ್ತಿಕೊಳ್ಳುವ ಮೊದಲು ಅಂಗನವಾಡಿ ಟೀಚರ್ ಮಮತ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ಎಂಟು ಕೆಜಿ ಎಂಟುನೂರು. ಹೋದ ತಿಂಗಳು ಮಗುವಿನ ಅಪ್ಪ ಭೀಮರಾಜ್ ಫೋನಿನಲ್ಲಿ ಹೇಳಿದ್ದು ಒಂಬತ್ತು ಕೆಜಿ ಒಂಬೈನೂರು.

ಭೀಮರಾಜನ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಇಪ್ಪತ್ತು ತಿಂಗಳ ಕೀರ್ತನ ಒಬ್ಬಳೇ ಅವನ ಜೀವ. ನಾಲ್ಕು ಜನರೆದುರು ತೂಗಿದರೆ ಮಗುವಿಗೆ ದೃಷ್ಟಿಯಾಗುತ್ತದೆಂದು ಅವನ ತಾಯಿ ಸೊಣ್ಣಮ್ಮ ಹಟ ಹಿಡಿದಿದ್ದರಿಂದ, ಮೂರು ತಿಂಗಳಿಂದ ಅವನು ಮನೆಯಲ್ಲೇ ತೂಗಿ ಫೋನ್ ಮಾಡುತ್ತಿದ್ದ. ಇವತ್ತು ಸೊಣ್ಣಮ್ಮ ವಿಜಯಪುರಕ್ಕೆ, ಮಗಳ ಮನೆಗೆ ಹೋಗಿದ್ದರಿಂದ ಮಗುವನ್ನು ಅಂಗನವಾಡಿಗೇ ಕರೆತಂದಿದ್ದ.

"ಹಸಿರು ಪಟ್ಟೀಲೇ, ಸರಿಯಾದ ತೂಕದಲ್ಲೇ ಇದೆಯಲ್ಲ ಟೀಚರ್?" ಮಗುವಿನ ತೂಕದ ಗೆರೆ ಎಳೆದಿದ್ದ 'ತಾಯಿ ಕಾರ್ಡಿ'ನ ಮೇಲೆ ಭೀಮರಾಜ್ ಬಗ್ಗಿದ. ಅವನ ಉಸಿರು ಮಮತಳ ಕಿವಿಗೆ ತಗುಲಿತು. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಅವಳ ಮೈ ಜುಮ್ಮೆನ್ನುತ್ತಿತ್ತು.

"ಬಣ್ಣ ಒಂದೇ ನೋಡಿದ್ರೆ ಆಗಲ್ಲ. ಸಣ್ಣಗಿರೋ ಮಗೂನೂ ತಿಂಗ್ಳು ತಿಂಗ್ಳು ಮೇಲಕ್ಕೆ ಹೋಗ್ತಿದ್ರೆ ಅಷ್ಟು ಭಯ ಇಲ್ಲ. ಗೆರೆ ಏರ್ದೆ ನಿಂತ್ರೆ, ಹಿಂಗೆ ಕೆಳಗಿಳಿದ್ರೆ, ಡಾಕ್ಟರ್ ಹತ್ರ ಹೋಗೋಕೆ ತಡ ಮಾಡ್ಬಾರ್ದು. ಜ್ವರ, ಭೇದಿ ಏನಾದ್ರೂ?"

"ಇಲ್ಲ. ಉಣ್ತಾಳೆ, ಆಡ್ತಾಳೆ." ಅವನ ಮುಖ ಬಿಳಿಚಿಕೊಂಡಿತು. "ಅವಳಮ್ಮಂಗೂ ಏನೂ ಇಲ್ಲ ಅಂತಾನೇ ಹೇಳಿದ್ರು."

ಮಮತ ಕಾರ್ಡಿನ ಹಿಂದಿನ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. "ಮನೇಲಿ ಹೇಗೆ ತೂಗಿದ್ರಿ?"

"ರೇಷ್ಮೆಗೂಡು ತೂಗೋ ಸ್ಕೇಲಲ್ಲಿ. ಬುಟ್ಟೀಲಿ ಕೂರ್ಸಿ."

"ಬುಟ್ಟಿ ತೂಕ ಕಳೆದ್ರಾ?"

"ಮಾರ್ಕೆಟ್ಟಲ್ಲಿ ಅದನ್ನ ಅವ್ರೇ ಕಳೀತಾರಲ್ಲ..." ಎಂದವನು ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದ.

ಮಮತ ಕೀರ್ತನಳನ್ನು ಎದೆಗವಚಿಕೊಂಡು ಕೂತಳು. ಬುಟ್ಟಿ ಹಗುರವಾಗಿದ್ದರೆ? ಮಗು ನಿಜವಾಗಿಯೂ ಇಳಿದುಹೋಗುತ್ತಿದ್ದರೆ? ಮೂರು ತಿಂಗಳು ತಾನು ಹೋಗಿ ನೋಡದೆ ಬಾಯಿಮಾತನ್ನೇ ಬರೆದುಕೊಂಡಿದ್ದಳು. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಅವನು ಏದುಸಿರು ಬಿಡುತ್ತಾ ಬಂದು ಬುಟ್ಟಿಯನ್ನು ಯಂತ್ರದ ಮೇಲಿಟ್ಟ. ಒಂದು ಕೆಜಿ ಮುನ್ನೂರು. ಮಮತ ಮನೆಯಲ್ಲಿ ತೂಗಿದ ಪ್ರತಿ ತಿಂಗಳ ತೂಕದಲ್ಲೂ ಅಷ್ಟನ್ನು ಕಳೆದು ಚುಕ್ಕಿಗಳನ್ನು ಮತ್ತೆ ಇಟ್ಟಳು. ಎಂಟು ಇನ್ನೂರು, ಎಂಟು ನಾನ್ನೂರು, ಎಂಟು ಆರ್ನೂರು, ಇವತ್ತು ಎಂಟು ಎಂಟ್ನೂರು.

"ಏರ್ತಾನೇ ಇದೆ ಕಣ್ರೀ."

ಭೀಮರಾಜ್ ಹೊಸ್ತಿಲಲ್ಲೇ ಕೂತ. "ತಪ್ಪು ನಂದು ಟೀಚರ್."

"ಅಲ್ಲ, ನಂದು. ನಾನೇ ಮನೆಗೆ ಬಂದು ತೂಗ್ಬೇಕಿತ್ತು. ಬಂದ್ರೆ ನಿಮ್ ಫೋನ್ ನಿಂತೋಗುತ್ತಲ್ಲ ಅಂತ ಬರ್ಲಿಲ್ಲ."

ಅವನು ತಲೆಯೆತ್ತಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ತಿಂಗಳಿಡೀ ನಾನೂ ಆ ಫೋನ್ ದಿನಾನೇ ಕಾಯ್ತಿದ್ದೆ," ಎಂದ ಮೆಲ್ಲಗೆ. "ಆದ್ರೆ ಭಯ ಆಗುತ್ತೆ. ಇನ್ನೊಬ್ರನ್ನ ಕಳ್ಕೊಳ್ಳೋ ಶಕ್ತಿ ನಂಗಿಲ್ಲ."

ಮಮತ ಮಗುವಿನೊಂದಿಗೆ ಅವನ ಪಕ್ಕದಲ್ಲೇ ಬಂದು ಕೂತಳು.

"ನಂಗೂ ಭಯಾನೇ. ಒಬ್ಬೊಬ್ರೇ ಹೆದರ್ಕೊಳ್ಳೋ ಬದ್ಲು, ಇನ್ಮೇಲೆ ಇಬ್ರೂ ಒಟ್ಟಿಗೆ ಹೆದರ್ಕೊಳ್ಳೋಣ."